ಅಳ್ಳವೂ ಹಳ್ಳವೂ

ಚಲುವಮ್ಮ ಶಾಲೆಯ ಮುಖ ಕಂಡವಳಲ್ಲ. ಬಿಳಿಗೆರೆಯ ಆಚೆಗಿನ ಕಲ್ಲು ಕ್ವಾರಿಯಲ್ಲಿ ಉಳಿ ಸುತ್ತಿಗೆ ಹಿಡಿದೇ ಅರ್ಧ ಆಯಸ್ಸು ಸವೆಸಿದವಳು. ಅವಳ ಬಾಯಿಗೆ ಮೇಸ್ತ್ರಿಗಳೂ ಹೆದರುತ್ತಿದ್ದರು. ಗಂಡ ಪುಟ್ಟಬಸವಯ್ಯ ಮಾತ್ರ ಮಾತಿಲ್ಲದ ಆಸಾಮಿ. ಮನೆಯ ಮಾತೆಲ್ಲ ಹೆಂಡತಿಗೇ ಗುತ್ತಿಗೆ ಕೊಟ್ಟಿದ್ದೀನಿ ಎಂದು ನಗುತ್ತಿದ್ದ.

ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಕೂಲಿಗಳು ಬೇಡವೆಂದರೂ ಕೇಳದೆ ಕ್ವಾರಿಯ ಯಜಮಾನರು ಬಂಡೆಗೆ ಸಿಡಿಮದ್ದು ಇಡಿಸಿದರು. ಮೇಲಿನ ಬಂಡೆ ಕಳಚಿ ಬಿತ್ತು. ಕೆಳಗೆ ಕೆಲಸದಲ್ಲಿದ್ದ ಪುಟ್ಟಬಸವಯ್ಯ, ಜೊತೆಯ ಕೂಲಿಗಳಾದ ಮಂಟೇಸ್ವಾಮಿ, ಮರಿತಾಯಮ್ಮ, ಒಬ್ಬರೂ ಉಳಿಯಲಿಲ್ಲ.

“ಕ್ವಾರಿ ಅಳ್ಳದಲ್ಲಿ ಬಂಡೆ ಬಿದ್ದು ಸತ್ತೋದ್ರು ಸಾ” ಎಂದು ಚಲುವಮ್ಮ ಸ್ಟೇಷನ್ನಿನಲ್ಲಿ ಅಳುತ್ತಾ ಹೇಳಿದಳು. ನಮ್ಮ ಕಡೆ ಗುಂಡಿಗೂ ಹಳ್ಳವೇ, ನೀರು ಹರಿಯುವ ತೊರೆಗೂ ಹಳ್ಳವೇ. ಬರೆದುಕೊಂಡ ಪುಣ್ಯಾತ್ಮರು ಅವಳ ಬಾಯಲ್ಲಿ ಇಲ್ಲದ ‘ಹ’ವನ್ನು ಮರ್ಯಾದೆಯಿಂದ ಸೇರಿಸಿದರು, ಇದ್ದ ಕ್ವಾರಿಯನ್ನು ನುಂಗಿ ನೀರು ಕುಡಿದರು. ‘ಹಳ್ಳಕ್ಕೆ ಬಿದ್ದು ಸಾವು’ ಎಂದಾಯಿತು. ಕಾಗದದ ಮೇಲೆ ಆ ಕ್ವಾರಿ ಮುಚ್ಚಿ ವರ್ಷಗಳೇ ಆಗಿದ್ದವು. ಇಲ್ಲದ ಕ್ವಾರಿಯಲ್ಲಿ ಯಾರಾದರೂ ಸಾಯುವುದು ಹೇಗೆ?

ಮಗಳು ಕವನ ಅದನ್ನು ಓದಿ ಹೇಳಿದಾಗ ಚಲುವಮ್ಮನ ಮೈಯೆಲ್ಲ ಉರಿದುಹೋಯಿತು. “ಕಾಲು ಜಾರಿ ತೊರೆಗೆ ಬೀಳಕ್ಕೆ ನಿಮ್ಮಪ್ಪ ಏನು ಕುಡ್ಕನಾ?” ತಿದ್ದಿಸಲೆಂದು ಆಫೀಸು ಆಫೀಸು ಅಲೆದಳು. ನಾಳೆ ಬಾ ಎನ್ನುವುದರಲ್ಲಿ ಎಲ್ಲ ಆಫೀಸೂ ಒಂದೇ.

ಕೊನೆಗೆ ಅಲೆಯುವುದನ್ನೇ ಬಿಟ್ಟಳು. ಕ್ವಾರಿಯ ದಾರಿ ಮಗ್ಗುಲಲ್ಲಿ ಅವರದೇ ತುಂಡು ಹೊಲವಿತ್ತು. ಅಲ್ಲೊಂದು ಚಪ್ಪಡಿ ನಿಲ್ಲಿಸಿದಳು. ತಾಂಡ್ಯದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಕವನ ರಜೆಯ ದಿನ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟಳು.

“ಕ್ವಾರಿ ಅನ್ನೋದ ದೊಡ್ಡದಾಗಿ ಬರಿಯವ್ವ” ಎಂದಳು ಚಲುವಮ್ಮ. ಗೆರೆ ತಪ್ಪದಂತೆ ಉಳಿಯಲ್ಲಿ ಕಡೆದಳು. ಮೂವರ ಹೆಸರು, ಕೆಳಗೆ ‘ಈ ಕ್ವಾರಿಯಲ್ಲಿ ಬಂಡೆ ಬಿದ್ದು ಸತ್ತವರು’.

ಯಜಮಾನರ ಸೂಪರ್‌ವೈಸರ್ ಶಿವಮೂರ್ತಿ ಬೈಕಿನಲ್ಲಿ ಧಾವಿಸಿ ಬಂದ.

“ಏನಮ್ಮ ಚಲುವಮ್ಮ ಇದು? ಯಜಮಾನ್ರು ಕೆಂಡ ಆಗವ್ರೆ. ಕಿತ್ತಾಕು. ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀವಿ.”

ಚಲುವಮ್ಮ ಸುತ್ತಿಗೆ ಕೆಳಗಿಡಲಿಲ್ಲ.

“ಕೊಡಿ ಅಣ್ಣ, ಈಗ್ಲೇ ಓಗಿ ಕೊಡಿ. ಏನಂತ ಬರೆಸೀರಿ? ತೊರೆ ಮುಂದೆ ಕಲ್ಲು ನೆಟ್ಟವ್ಳೆ ಅಂತ್ಲಾ, ಕ್ವಾರಿ ಮುಂದೆ ನೆಟ್ಟವ್ಳೆ ಅಂತ್ಲಾ?”

ಶಿವಮೂರ್ತಿ ಬೈಕ್ ಹತ್ತಿದ.

“ಕ್ವಾರಿ ಅಂತ್ಲೇ ಬರೆಸಿ. ನಾನೇಳಿದ್ರೆ ಅವ್ರು ಬರೀಲಿಲ್ಲ, ನೀವೇಳಿದ್ರೆ ಬರೀತಾರೆ. ನಡೀರಿ, ನಾನೂ ಬತ್ತೀನಿ, ಎಬ್ಬೆಟ್ಟು ಒತ್ತಕ್ಕೆ.”

ಅವನು ಬೈಕ್ ತಿರುಗಿಸಿಕೊಂಡು ಹೋದ. ಆ ಕಂಪ್ಲೇಂಟ್ ಇವತ್ತಿಗೂ ಯಾರೂ ಕೊಟ್ಟಿಲ್ಲ. ಜಲ್ಲಿ ಲಾರಿಗಳು ಎಬ್ಬಿಸುವ ಧೂಳು ಕಲ್ಲಿನ ಮೇಲೆ ಕೂರುತ್ತದೆ. ಚಲುವಮ್ಮ ದಿನವೂ ಸೆರಗಿನಿಂದ ಒರೆಸುತ್ತಾಳೆ. ಮೊದಲು ಗಂಡನ ಹೆಸರನ್ನಲ್ಲ, ಕ್ವಾರಿ ಎಂಬುದನ್ನು.