ಹಿಪ್ಪೆ ಮೊದಲು ಅಕ್ಕನ ನಾಲಿಗೆಗೆ

ಬೆಳಗಿನ ಐದೂವರೆ. ಹಣ್ಣಿನ ರಸದ ಕಾರ್ಖಾನೆಯ ಹಿಂಬಾಗಿಲಲ್ಲಿ ಒಂಬತ್ತು ನೀಲಿ ಡ್ರಮ್‌ಗಳು ನಿಂತಿವೆ. ಒಳಗಿರುವುದು ರಸ ಹಿಂಡಿ ಉಳಿದ ಸೇಬು, ಕ್ಯಾರೆಟ್ಟಿನ ಹಿಪ್ಪೆ. ಅಕ್ಕ ಮೊದಲ ಡ್ರಮ್ಮಿಗೆ ಮೊಣಕೈವರೆಗೂ ಕೈ ಇಳಿಸುತ್ತಾರೆ. ತಣ್ಣಗಿದೆ. ತಳದಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ.

"ಅಕ್ಕಾ, ತಿಂಡಿ ಆಯ್ತಾ?" ಕಾವಲುಗಾರ ಕೆಣಕುತ್ತಾನೆ.

"ಇನ್ನೂ ಎಂಟು ಬಾಕಿ ಇದೆಯಪ್ಪಾ."

ಕಾರ್ಖಾನೆಯವರು ಇಟ್ಟ ಹೆಸರು ರುಚಿ ಅಕ್ಕ. ವಯಸ್ಸು ಐವತ್ತೆರಡು. ಮೊದಲೆಲ್ಲ ಚರಂಡಿ ಪಾಲಾಗಿ ಬೀದಿಯವರ ಮೂಗು ಮುಚ್ಚಿಸುತ್ತಿದ್ದ ಈ ಹಿಪ್ಪೆಯನ್ನು ಮೂರು ಚಕ್ರದ ಗಾಡಿಯಲ್ಲಿ ಹನ್ನೊಂದು ಕೊಟ್ಟಿಗೆಗಳಿಗೆ ಮುಟ್ಟಿಸುತ್ತಾರೆ. ದಿನಕ್ಕೆ ನಾನೂರೈವತ್ತು ಕಿಲೋ, ನಲವತ್ತಮೂರು ಹಸು. ಮನೆ ನಡೆಯುವುದೂ ಇದರಲ್ಲೇ.

ಆ ಚಿಟಿಕೆಯ ಹಿಂದೆ ಒಂದು ಸಾವಿದೆ. ಎಂಟು ವರ್ಷದ ಹಿಂದಿನ ಮಾತು. "ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ಹಿಂದಿನ ದಿನದ್ದನ್ನೂ ತುಂಬ್ಕೊಂಡು ಬಂದೆ. ಮೇಲೆ ಚೆನ್ನಾಗೇ ಇತ್ತು, ತಳ ಕೆಟ್ಟಿತ್ತು. ನಮ್ಮತ್ತಿಗೆಯ ಗಬ್ಬದ ಹಸು ತಿಂತು. ಮಾರನೇ ದಿನ ಮೇಲೇಳಲಿಲ್ಲ."

ಅತ್ತಿಗೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎನ್ನುತ್ತಾರೆ ಅಕ್ಕ. ಮತ್ತೆ ಹಸು ಕಟ್ಟಿದ ಮೇಲೆ ಹಿಪ್ಪೆ ಇವರಿಂದಲೇ ತೆಗೆದುಕೊಂಡರು. ಆದರೆ ಪ್ರತಿ ಬಕೆಟ್ಟನ್ನೂ ಇವರೆದುರೇ ಮೂಸಿ ನೋಡಿ ಬಾನಿಗೆ ಸುರಿಯುತ್ತಿದ್ದರು.

ಈ ಹೊತ್ತು ಎಂಟನೆಯ ಡ್ರಮ್ಮು ಕೈಗೆ ಬೆಚ್ಚಗೆ ತಾಗುತ್ತದೆ. ಒಂಬತ್ತನೆಯದೂ ಅಷ್ಟೇ. ಎರಡರಲ್ಲೂ ಹಿಂದಿನ ದಿನದ ಹಿಪ್ಪೆ, ಹುಳಿತು ಬಿಸಿಯೇರಿದೆ. ಹೊಸ ಸೂಪರ್‌ವೈಸರ್ ಹಾಳೆ ಚಾಚುತ್ತಾರೆ. "ಒಂಬತ್ತೂ ಮೇವಿಗೆ ಅಂತ ಸಹಿ ಹಾಕಿ. ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವರು ಬರ್ತಾರೆ." ಅವರ ತಲೆಯ ಮೇಲೆ ಗೋಡೆಯಲ್ಲಿ 'ನಮ್ಮಲ್ಲಿ ಯಾವುದೂ ವ್ಯರ್ಥವಲ್ಲ' ಎಂಬ ಬೋರ್ಡಿದೆ.

"ಏಳು ಮೇವು, ಎರಡು ಗೊಬ್ಬರ. ಹಾಗೆ ಬರೀರಿ, ಒಂಬತ್ತೂ ಒಯ್ತೀನಿ," ಅಕ್ಕ ಕಡ್ಡಿ ಮುರಿದಂತೆ ಹೇಳುತ್ತಾರೆ. "ವ್ಯರ್ಥ ಆಗಬಾರದು ಅಂತ ಹಸುವಿನ ಹೊಟ್ಟೇನ ತಿಪ್ಪೆಗುಂಡಿ ಮಾಡೋಕಾಗಲ್ಲ ಸ್ವಾಮಿ. ಅದು ಕೇಳಿ ತಿನ್ನೋ ಪ್ರಾಣಿಯಲ್ಲ, ನಂಬಿ ತಿನ್ನುತ್ತೆ." ಎಂಟನೆಯ ಡ್ರಮ್ಮಿನಿಂದ ಒಂದು ಚಿಟಿಕೆ ತೆಗೆದು ಅವರ ಮುಂದೆ ಹಿಡಿಯುತ್ತಾರೆ. "ನೀವು ಬಾಯಿಗೆ ಹಾಕ್ಕೊಳ್ಳಿ, ಸಹಿ ಹಾಕ್ತೀನಿ."

ಸೂಪರ್‌ವೈಸರ್ ಆ ಕೈಯನ್ನೇ ನೋಡಿ, ಒಂಬತ್ತನ್ನು ಹೊಡೆದುಹಾಕಿ ಏಳು ಎಂದು ಬರೆಯುತ್ತಾರೆ. ನಾಳೆ ಬಾಗಿಲು ತೆರೆಯುತ್ತದೋ ಇಲ್ಲವೋ, ಹೇಳುವುದಿಲ್ಲ. ಅಕ್ಕನಿಗೆ ಭಯವಿದೆ, ಅದನ್ನವರು ಮುಚ್ಚಿಡುವುದೂ ಇಲ್ಲ.

ಕೊನೆಯ ಕೊಟ್ಟಿಗೆ ಅತ್ತಿಗೆಯದು. ಅವರು ಬಕೆಟ್ ಇಸಿದುಕೊಂಡು, ಹಸುವಿನ ಬೆನ್ನು ಸವರುತ್ತಲೇ ಬಾನಿಗೆ ಸುರಿಯುತ್ತಾರೆ.

"ಹೋದ ತಿಂಗಳಿಂದ ಮೂಸೋದು ಬಿಟ್ಟಿದ್ದಾರೆ," ಗಾಡಿಯ ಹತ್ತಿರ ಬಂದ ಮೇಲೆ ಅಕ್ಕ ಮೆಲ್ಲಗೆ ಹೇಳುತ್ತಾರೆ. "ಯಾಕೆ ಅಂತ ನಾನು ಕೇಳಿಲ್ಲ."