ಅವ್ವನ ತಂಗಡಿ ಹೂವಿನ ಪುಡಿ

ಮೊನ್ನೆ ಬೆಳಿಗ್ಗೆ ಮಗಳು ಕನ್ನಡಿ ಮುಂದೆ ನಿಂತು ಗಲ್ಲದ ಮೊಡವೆ ಮುಟ್ಟಿಕೊಳ್ಳುತ್ತಾ, "ಮಮ್ಮಿ, ಅಜ್ಜಿಗೆ ಹೇಳಿ ಆ ಹಳದಿ ಪುಡಿ ತರಿಸು" ಅಂದಳು.

ನಾನು ಕೇಳಿಸದವಳ ಹಾಗೆ ಹೊಲಿಗೆ ಮಷಿನ್ ತುಳಿಯುತ್ತಾ ಕುಳಿತೆ.

ಅವಳದೇನೂ ತಪ್ಪಿಲ್ಲ. ಆ ಪುಡಿಯ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ ಅಷ್ಟೇ...

ನನ್ನ ತವರು ಇಟ್ಟಿಗಿ. ಮದುವೆಯಾಗಿ ನಾನು ಹಗರಿಬೊಮ್ಮನಹಳ್ಳಿಗೆ ಬಂದೆ, ತಂಗಿ ಕೊಟ್ರಮ್ಮ ಕೊಟ್ಟೂರಿಗೆ ಹೋದಳು. ನಮಗೆಲ್ಲ ಅವಳು ಕೊಟ್ರಿ.

ಇಟ್ಟಿಗಿಯಲ್ಲಿ ನಮ್ಮ ಹೊಲದ ಬದುವಿನ ತುಂಬ ತಂಗಡಿ ಗಿಡ. ಬೇರೆ ಕಡೆ ಆವರಿಕೆ ಅಂತಾರಂತೆ. ಕುರಿಗಳೂ ಬಾಯಿ ಹಾಕದಷ್ಟು ಒಗರು.

ಅವ್ವನಿಗೆ ಮಾತ್ರ ಅದೇ ಮೆಡಿಕಲ್ ಶಾಪ್, ಅದೇ ಬ್ಯೂಟಿ ಪಾರ್ಲರ್. ಹಳದಿ ಹೂವನ್ನು ನೆರಳಲ್ಲಿ ಒಣಗಿಸಿ, ಹೆಸರುಕಾಳು ಸೇರಿಸಿ ಗಿರಣಿಗೆ ಹಾಕಿಸುತ್ತಿದ್ದಳು. ಮೊಡವೆಗೂ ಅದೇ, ಬೇಸಿಗೆಯ ಬೆವರುಸಾಲೆಗೂ ಅದೇ. ಒಸಡು ಸಡಿಲಾದರೆ ತೊಗಟೆ ಕುದಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು.

"ಒಗರು ಚರ್ಮ ಬಿಗಿ ಹಿಡಿತೈತಿ, ಸುಮ್ನ ಕುಂದ್ರು" ಅನ್ನುವುದು ಅವಳ ಮಾಮೂಲಿ ಮಾತು.

ಚಿಕ್ಕವರಿದ್ದಾಗ ಮೊಣಕಾಲು ತರಚಿದರೂ ಪುಡಿ ಕಲಸಿ ಹಚ್ಚುತ್ತಿದ್ದಳು. ಹಚ್ಚಿ, "ಉರಿತೈತೇನು?" ಅಂತ ಕೇಳಿ ಬಾಯಿಂದ ಊದುತ್ತಿದ್ದಳು.

ಕೊಟ್ರಿ ಕಳ್ಳಿ. ಉರಿಯದಿದ್ದರೂ ಉರಿತೈತಿ ಅನ್ನುತ್ತಿದ್ದಳು. ಅವ್ವ ಇನ್ನೂ ಸ್ವಲ್ಪ ಹೊತ್ತು ಊದಲಿ ಅಂತ.

ಆ ಕೊಟ್ರಿಗೆ ಎದೆಯಲ್ಲಿ ಗಂಟಾಯಿತು. ಆಪರೇಷನ್ ಮಾಡಿದರು, ಕೀಮೋ ಕೊಟ್ಟರು. ಆಮೇಲೆ ಕರೆಂಟ್ ಕೊಡಬೇಕು ಅಂದರು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುವುದು.

ಕರೆಂಟ್ ಕೊಡುತ್ತಾ ಕೊಡುತ್ತಾ ಎದೆಯ ಆ ಭಾಗ ಕಪ್ಪಾಗಿ, ಕಂಕುಳಲ್ಲಿ ಚರ್ಮ ಸುಲಿಯಿತು. ಬಟ್ಟೆ ತಾಗಿದರೂ ಜೀವ ಹೋಗುವಷ್ಟು ಉರಿ. ನಾನು ಮೆತ್ತನೆಯ ಹಳೇ ಸೀರೆ ಹರಿದು ಸಡಿಲವಾದ ಅಂಗಿ ಹೊಲಿದುಕೊಟ್ಟೆ.

ಅವ್ವ ಪುಡಿಯ ಡಬ್ಬಿ ಹಿಡಿದು ಆಸ್ಪತ್ರೆಗೇ ಬಂದಳು.

ಡಾಕ್ಟರ್ ಒಳ್ಳೆಯವರು, ಬೈಯಲಿಲ್ಲ. "ನಾವು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡಿ ಅಮ್ಮ. ಈ ಚರ್ಮ ಈಗ ಏನನ್ನೂ ತಡೆಯಲ್ಲ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅವ್ವನೂ ಮಾತು ಮೀರಲಿಲ್ಲ, ಒಂದು ಚಿಟಿಕೆ ಕೂಡ ಹಚ್ಚಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತ್ರ, "ನೀ ಅಂಗಿ ಹೊಲಿದುಕೊಟ್ಟಿ. ನಂಗ ಮಾಡಾಕ ಏನೂ ಉಳೀಲಿಲ್ಲ ನೋಡು" ಅಂದಳು.



ಅಂದಿನಿಂದ ಪ್ರತಿ ಚೆಕಪ್‌ಗೂ ಅವ್ವನ ಜೊತೆ ಆ ಡಬ್ಬಿ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು, "ಈಗ ಹಚ್ಚಬೌದೇನ್ರಿ?" ಅಂತ ಕೇಳುವಳು. "ಇನ್ನೂ ಬೇಡ ಅಮ್ಮ" ಅನ್ನುವರು.

"ಡಾಕ್ಟ್ರೇ, ಒಮ್ಮೆ ನಿಮ್ಮ ಮಾರಿಗಾದ್ರೂ ಹಚ್ಚಿಸ್ಕೊಂಡು ಬಿಡ್ರಿ. ಇಲ್ಲಾಂದ್ರ ನಮ್ಮವ್ವ ಬಿಡಂಗಿಲ್ಲ" ಅಂತ ಕೊಟ್ರಿ ನಗುವಳು. ಕೂದಲಿಲ್ಲದ ತಲೆಗೆ ಸೆರಗು ಹೊದ್ದುಕೊಂಡು, ಹಾಗೇ ನಗುವಳು...

ಹಳೇ ಪುಡಿಯ ಸತ್ವ ಹೋಗುತ್ತದೆ ಅಂತ ಅವ್ವ ಮತ್ತೆ ಹೂ ಬಿಡಿಸಿ ಹೊಸದು ಮಾಡಿಸುತ್ತಿದ್ದಳು. ಚರ್ಮ ನಿಧಾನಕ್ಕೆ ಮಾಯುತ್ತಾ ಬಂತು. ಇನ್ನೇನು ಗೆದ್ದೆವು ಅಂದುಕೊಂಡೆವು.

ಕಾಯಿಲೆ ಎಲುಬಿಗೆ ಇಳಿದಿತ್ತು.

ಕೊನೆಗೆ ಅವ್ವ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲೇ ಉಳಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ಅವಳ ಕೈಯಲ್ಲೇ ಕೊಟ್ರಿ ಹೋದಳು.

ಮೈ ತೊಳೆಯಲು ಮನೆಯ ಹೆಂಗಸರೆಲ್ಲ ಒಳಗೆ ಸೇರಿದೆವು. ಬಿಸಿನೀರು ಬಂತು. ಕೊಟ್ರಿಯ ಅತ್ತೆ ಹೊಸ ಸೋಪು ಬಿಚ್ಚಿ ಕೊಟ್ಟರು.

ಅವ್ವ ಸೋಪನ್ನು ಪಕ್ಕಕ್ಕಿಟ್ಟಳು. ಎದ್ದು ಹೋಗಿ ಗೂಡಿನಲ್ಲಿದ್ದ ಡಬ್ಬಿ ತಂದಳು. ಆದರೆ ಮುಚ್ಚಳ ತೆಗೆಯಲಿಲ್ಲ, ನನ್ನ ಮುಖ ನೋಡಿದಳು.

"ಈಗ ಹಚ್ಚಬೌದೇನವ್ವಾ?"

"ಹಚ್ಚವ್ವ" ಅಂದೆ.

ಪುಡಿಯನ್ನು ಅಂಗೈಯಲ್ಲಿ ನೀರು ಹಾಕಿ ಕಲಸಿದಳು. ಮೊದಲು ಮುಖಕ್ಕೆ, ಆಮೇಲೆ ಕೈಗೆ, ಕಾಲಿಗೆ ಹಚ್ಚಿದಳು. ಎದೆಯ ಆ ಕಪ್ಪು ಜಾಗಕ್ಕೆ ಬಂದಾಗ ಕೈ ತಡೆಯಿತು. ಬೆರಳ ತುದಿಯಿಂದ ಮೆಲ್ಲಗೆ ಸವರಿದಳು.

"ಉರಿತೈತೇನು?"

ಕೇಳಿದ್ದು ಕೊಟ್ರಿಯನ್ನು. ಕೇಳಿ, ಬಗ್ಗಿ ಊದಿದಳು.

ಅತ್ತೆ ಬಂದು ಹೆಗಲು ಹಿಡಿಯುವವರೆಗೂ ಊದುತ್ತಲೇ ಇದ್ದಳು.

ಆಮೇಲೆ ಅವ್ವ ತಂಗಡಿ ಹೂ ಬಿಡಿಸಿಲ್ಲ. ಈಗಲೂ ಬದುವಿನ ತುಂಬ ಹಳದಿ ಹೂ. ಅವಳು ಅತ್ತ ತಿರುಗಿಯೂ ನೋಡದೆ ಹೊಲಕ್ಕೆ ಹೋಗಿ ಬರುತ್ತಾಳೆ.

ಮಗಳ ಮೊಡವೆಗೆ ಅಂಗಡಿಯ ಫೇಸ್‌ವಾಶ್ ಸಾಕು, ಅದು ದೊಡ್ಡ ವಿಷಯವಲ್ಲ. ಆದರೂ ಮೊನ್ನೆಯಿಂದ ಅದೇ ಯೋಚನೆ. ಕೇಳಿದರೆ ಅವ್ವನ ಗಾಯ ಮತ್ತೆ ಕೆದಕಿದ ಹಾಗೆ ಆಗುತ್ತದೋ, ಇಲ್ಲಾ ಅವಳ ಕೈಗೆ ಮತ್ತೊಂದು ಕೆಲಸ ಸಿಕ್ಕೀತೋ...

ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ. ನೀವಾದರೆ ಕೇಳುತ್ತಿದ್ದಿರಾ?