ನಾಲ್ಕು ಬೆರಳು ಬಟ್ಟೆ

ಬೆಟಗೇರಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಇಜಾಜನಿಗೆ ಇಪ್ಪತ್ಮೂರು ವರ್ಷ. ಸಂಜೆಯಾದರೆ ಎರಡು ಪ್ಲೇಟ್ ಮಿರ್ಚಿ ತಿನ್ನುವುದು, ಮನೆಯಲ್ಲಿ ರೊಟ್ಟಿ ಮುಂದಿಟ್ಟಾಗ ಹಸಿವಿಲ್ಲ ಅನ್ನುವುದು. ವರ್ಷದಲ್ಲಿ ಮೂರು ಸಲ ಪ್ಯಾಂಟಿನ ಸೊಂಟ ಬಿಡಿಸಲು ಅಪ್ಪನ ಟೇಲರ್ ಅಂಗಡಿಗೆ ಬಂದಿದ್ದ. ‘ಒಗದು ಒಗದು ಸಣ್ಣಾಗೇತಿ’ ಎಂದು ಮೂರು ಸಲವೂ ಸುಳ್ಳು ಹೇಳಿದ್ದ. ಅಪ್ಪ ಮರ್ದಾನಸಾಬ ಹೊಲಿಗೆ ಬಿಚ್ಚಿ ಕೊಟ್ಟಿದ್ದ.

ತಂಗಿಯ ಮದುವೆಗೆ ಅಪ್ಪ ಹೊಲಿದ ಹೊಸ ಪ್ಯಾಂಟು ಅಂಗಡಿಯಲ್ಲೇ ಹಾಕಿ ನೋಡುವಾಗ, ಹಿಂಬದಿಯ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಕೈಗೆ ಹತ್ತಿತು.

‘ಅಬ್ಬಾ, ಒಳಗ ಯಾಕ ಇಷ್ಟು ಅರಿವಿ ಬಿಟ್ಟೀರಿ?’ ಇಜಾಜ ಅಪ್ಪನನ್ನು ಕೇಳಿದ.

ಮರ್ದಾನಸಾಬ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದ: ‘ಶಾಲಿ ಹುಡುಗರಿಗೆ ಬಿಡತೀವಲ್ಲ, ಹಂಗ. ಬೆಳಿಯೋ ಮೈ.’

ಗೂಟಕ್ಕೆ ತೂಗುಹಾಕಿದ್ದ ಇಜಾಜನ ಚೀಲದಿಂದ ಬಿಸಿ ಮಿರ್ಚಿಯ ವಾಸನೆ ಅಂಗಡಿಯ ತುಂಬ ಹಬ್ಬಿತ್ತು.